ಗೀರು ಬಿದ್ದ ಲೆನ್ಸು ಮತ್ತು ಅನುಮಾನದ ಕ್ಯಾಮೆರಾ

ಒಂದು ಸ್ಟುಡಿಯೋದಲ್ಲಿದ್ದ ಕ್ಯಾಮೆರಾಕ್ಕೆ ಎಲ್ಲರ ಮೇಲೂ ಅನುಮಾನ. ಒಂದು ದಿನ ಸೂಲಗಿತ್ತಿ ತಿಪ್ಪವ್ವಜ್ಜಿ ಪಟ ತೆಗೆಸಿಕೊಳ್ಳಲು ಬಂದಳು. ಯಜಮಾನ ಕ್ಯಾಮೆರಾಕ್ಕೆ ಹೇಳಿದ, "ಅಜ್ಜಿಯ ಮುಖ ಫಿಲ್ಮಿನ ಕಾಲದ ಪಟದಂತೆ ಮೃದುವಾಗಿ ಬರಬೇಕು. ಪಟ ಕೆಟ್ಟರೆ ನಿನ್ನನ್ನು ಗುಜರಿಗೆ ಹಾಕುತ್ತೇನೆ. ಲೆನ್ಸು ನೀನೇ ಆರಿಸಿಕೊ."

ಕಪಾಟಿನಲ್ಲಿ ಎರಡು ಹಳೆಯ ಲೆನ್ಸುಗಳಿದ್ದವು. ಸಣ್ಣ ಲೆನ್ಸು ಹೇಳಿತು, "ನನ್ನ ಅಂಚಿನಲ್ಲಿ ಒಂದು ಗೀರಿದೆ. ಮುಖಕ್ಕೇನೂ ತೊಂದರೆಯಿಲ್ಲ."

"ಒಂದನ್ನು ಒಪ್ಪಿಕೊಂಡವನು ಹತ್ತನ್ನು ಮುಚ್ಚಿಟ್ಟಿರುತ್ತಾನೆ," ಎಂದಿತು ಕ್ಯಾಮೆರಾ. "ಎಲ್ಲಿ ಬಿದ್ದೆ? ಯಾರು ಬೀಳಿಸಿದರು? ಹಿಂದಿನ ಮನೆಯವರು ನಿನ್ನನ್ನು ಯಾಕೆ ಬಿಟ್ಟರು?"

ದಪ್ಪ ಲೆನ್ಸು ನಕ್ಕಿತು. "ನಿಮ್ಮಂಥ ಜಾಣರನ್ನು ನಾನು ಕಂಡಿಲ್ಲ, ಸ್ವಾಮಿ. ನನ್ನ ಮೈಮೇಲೆ ಒಂದು ಗೀರೂ ಇಲ್ಲ. ನಾನು ನೋಡಿದ ಮುಖವೆಲ್ಲ ಬೆಣ್ಣೆಯಂತೆ ಬರುತ್ತದೆ."

ಕ್ಯಾಮೆರಾ ಅದನ್ನು ಒಂದು ಮಾತೂ ಕೇಳದೆ ಬಾಯಿಗೆ ತೊಡಿಸಿಕೊಂಡಿತು.

ಪಟ ನೋಡಿದ ಅಜ್ಜಿ ಯಜಮಾನನಿಗೆ ಹೇಳಿದಳು, "ಯಾಕಪ್ಪಾ, ನನ್ನ ಮುಖದ ಮೇಲೆ ಗಂಜಿ ಚೆಲ್ಲಿದ್ದೀಯ? ಈ ಊರಿನ ಅರ್ಧ ಮಕ್ಕಳನ್ನು ಮೊದಲು ನೋಡಿದ ಕಣ್ಣು ಇವು. ಅವೇ ಕಾಣ್ತಿಲ್ಲ."

ಯಜಮಾನ ದಪ್ಪ ಲೆನ್ಸನ್ನು ಬೆಳಕಿಗೆ ಹಿಡಿದ. ಗಾಜಿನೊಳಗೆ ಬೂಷ್ಟು ಬಲೆ ಕಟ್ಟಿತ್ತು. "ಇನ್ನೊಂದೇ ಸಲ ನೋಡುತ್ತೇನೆ," ಎಂದು ಕ್ಯಾಮೆರಾವನ್ನು ಗದರಿದ.

ಕ್ಯಾಮೆರಾ ಸಣ್ಣ ಲೆನ್ಸಿನತ್ತ ತಿರುಗಿತು. "ಬಾರಯ್ಯಾ, ಬೇಗ ಬಾ."

"ಬರುತ್ತೇನೆ," ಎಂದಿತು ಸಣ್ಣ ಲೆನ್ಸು. "ಆದರೆ ತಾವು ಬೂಷ್ಟು ಹಿಡಿದವರ ಜೊತೆ ಇದ್ದು ಬಂದವರು. ಮೊದಲು ಬಾಯಿ ತೆಗೆಯಿರಿ, ಒಳಗೆ ನೋಡಬೇಕು."