ಒಂದು, ಎರಡು, ಹನ್ನೆರಡು

ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: “ಮೇಷ್ಟ್ರೇ, ಕೆಲವು ಪ್ರೋಗ್ರಾಂ ಭಾಷೆಗಳು ಬಿಗಿ. ಅಂಕಿಯ ಜಾಗದಲ್ಲಿ ಅಕ್ಷರವಿಟ್ಟರೆ ಅಲ್ಲೇ ನಿಂತುಬಿಡುತ್ತವೆ. ಕೆಲವು ಸಡಿಲ. ಏನು ಕೊಟ್ಟರೂ ಹೊಂದಿಸಿಕೊಂಡು ಮುಂದೆ ಹೋಗುತ್ತವೆ. ನಾವು ಹುಡುಗರು ಬೆಳಗಿನಿಂದ ವಾದ ಮಾಡುತ್ತಿದ್ದೇವೆ. ಯಾವುದು ಸರಿ?”

ಗುರು ಒಂದು ಕಥೆ ಹೇಳಿದರು:

ಒಂದು ಊರಿನಲ್ಲಿ ಇಬ್ಬರು ಪ್ರೋಗ್ರಾಮರುಗಳಿದ್ದರು. ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಒಬ್ಬನಿಗೆ ಬಿಗಿ ಭಾಷೆಯೇ ಆಗಬೇಕು, ಇನ್ನೊಬ್ಬನಿಗೆ ಸಡಿಲ ಭಾಷೆಯೇ ಆಗಬೇಕು.

“ನಿನ್ನ ಭಾಷೆ ಅತ್ತೆ ಇದ್ದ ಹಾಗೆ ಕಣೋ. ಒಗ್ಗರಣೆ ಹಾಕುವುದಕ್ಕೂ ಅಪ್ಪಣೆ ಬೇಕು” ಎನ್ನುತ್ತಿದ್ದ ಸಡಿಲದವನು.

“ನಿನ್ನದು ಧರ್ಮಛತ್ರ. ಯಾರು ಬಂದರೂ ಒಳಗೆ” ಎನ್ನುತ್ತಿದ್ದ ಬಿಗಿಯವನು.

ಹೀಗೆ ಆರು ವರ್ಷ ನಡೆಯಿತು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

ಮಕ್ಕಳ ಆಸ್ಪತ್ರೆಯೊಂದು ಅವರಿಗೆ ಚಿಕ್ಕ ಕೆಲಸ ಕೊಟ್ಟಿತು. ವೈದ್ಯರು ಮಗುವಿನ ವಯಸ್ಸಿಗೆ ಇಷ್ಟು ಔಷಧ ಎಂದು ಬರೆಯುತ್ತಾರೆ. ಕೆಲವು ಮಕ್ಕಳಿಗೆ ಮಾತ್ರ, ತೂಕಕ್ಕೆ ಇನ್ನಿಷ್ಟು ಎಂದು ಸೇರಿಸುತ್ತಾರೆ. ದಾದಿ ಎರಡನ್ನೂ ಪರದೆಯ ಎರಡು ಚೌಕಗಳಲ್ಲಿ ತುಂಬಿದರೆ, ಪ್ರೋಗ್ರಾಂ ಕೂಡಿ ತೋರಿಸಬೇಕು. ಅಷ್ಟೇ.

ಸಡಿಲದವನು ಒಂದೇ ದಿನದಲ್ಲಿ ಬರೆದು ಮುಗಿಸಿದ. ಅವನ ಭಾಷೆಯಲ್ಲಿ, ಚೌಕದಲ್ಲಿ ತುಂಬಿದ್ದೆಲ್ಲ ಮೊದಲು ಅಕ್ಷರವೇ. ಅದನ್ನು ಅಂಕಿ ಮಾಡಲು ಒಂದು ಸಾಲು ಬರೆಯಬೇಕು. ಆ ಸಾಲನ್ನು ಅವನು ಮರೆತ. ಮರೆತರೆ ಆ ಭಾಷೆ ಎರಡನ್ನೂ ಕೂಡುವುದಿಲ್ಲ, ಪಕ್ಕಪಕ್ಕದಲ್ಲಿ ಇಡುತ್ತದೆ. ಬಿಗಿಯವನು ಪರೀಕ್ಷೆ ಮಾಡಿದ. ಊಟದ ಹೊತ್ತಾಗಿತ್ತು. ಮೊದಲ ಚೌಕದಲ್ಲಿ ಐದು ಎಂದು ಹಾಕಿ, ಎರಡನೆಯದನ್ನು ಖಾಲಿ ಬಿಟ್ಟ. ಐದು ಬಂತು. ಸರಿಯಿದೆ ಎಂದ.

ಒಂದು ವಾರ ಸರಿಯಾಗಿಯೇ ನಡೆಯಿತು. ಎರಡನೆಯ ಚೌಕ ತುಂಬಬೇಕಾದ ಮಗು ಆ ವಾರ ಬಂದಿರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಫೋನ್ ಬಂತು. ಬಿಗಿಯವನು ಎತ್ತಿಕೊಂಡ.

“ಸಾರ್, ಶಾಂತವ್ವನ ಮಗುವಿಗೆ ಒಂದು, ಎರಡು ಅಂತ ಹಾಕಿದೆ. ಹನ್ನೆರಡು ಎಂ.ಎಲ್. ತೋರಿಸ್ತಿದೆ. ಮೂರು ಅಲ್ವಾ ಸಾರ್?” ಎಂದಳು ದಾದಿ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹಾಗಾಗಿ ತಾಯಿಯ ಹೆಸರೇ ಅದರ ಹೆಸರು.

ಏನಾಗಿದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. “ಮೂರು” ಎಂದಿದ್ದರೆ ಸಾಕಿತ್ತು. ಅವನು “ಒಂದು ನಿಮಿಷ ಇರಿ ಸಿಸ್ಟರ್” ಎಂದು ಫೋನನ್ನು ಮೇಜಿನ ಮೇಲಿಟ್ಟ. ಗೆಳೆಯನ ಕಡೆ ತಿರುಗಿದ.

“ಬಾರೋ ಇಲ್ಲಿ. ನಿನ್ನ ಛತ್ರಕ್ಕೆ ಯಾರು ಬಂದಿದ್ದಾರೆ ನೋಡು.”

“ಭಾಷೆಯದೇನೂ ತಪ್ಪಿಲ್ಲಪ್ಪ. ನಾನೊಂದು ಸಾಲು ಮರೆತೆ.”

“ಮರೆಯಲು ಬಿಡುತ್ತದಲ್ಲ, ಅದೇ ತಪ್ಪು!”

ಬಿಗಿಯವನು ಎದ್ದುಹೋಗಿ ಬೋರ್ಡಿನ ಮೇಲೆ ಬರೆದು ತೋರಿಸಿದ. ಗೆಳೆಯ ಒಪ್ಪಲಿಲ್ಲ. ಇವನು ಇನ್ನೊಂದು ಉದಾಹರಣೆ ಬರೆದ. ಬೋರ್ಡು ತುಂಬಿತು. ಕೊನೆಗೆ ಗೆಳೆಯ ತಲೆ ತಗ್ಗಿಸಿ, “ಆಯ್ತು ಮಾರಾಯ, ನೀನೇ ಗೆದ್ದೆ” ಎಂದ. ಆರು ವರ್ಷಗಳಲ್ಲಿ ಅವನು ಆ ಮಾತನ್ನು ಆಡಿದ್ದು ಅದೇ ಮೊದಲು.

ಆಮೇಲೆ ಬಿಗಿಯವನು ಫೋನ್ ಎತ್ತಿಕೊಂಡ. ಆ ಕಡೆ ಯಾರೂ ಇರಲಿಲ್ಲ.

ಕಾದು ನಿಂತಿದ್ದ ದಾದಿಯನ್ನು ಇನ್ನೊಂದು ಮಂಚದವರು ಕರೆದಿದ್ದರು. ಕಾದು ನಿಂತಿದ್ದ ದಾದಿಯನ್ನು ಇನ್ನೊಂದು ಮಂಚದವರು ಕರೆದಿದ್ದರು. ಹೊಸದಾಗಿ ಬಂದವಳು ಪರದೆ ನೋಡಿದಳು. ಪರದೆ ತೋರಿಸಿದಷ್ಟನ್ನು ಕೊಟ್ಟಳು.

ಮಗು ಸಂಜೆಯವರೆಗೆ ಇತ್ತು.

ಸಡಿಲದವನು ಎಲ್ಲರೆದುರು ತಪ್ಪು ಒಪ್ಪಿಕೊಂಡು ಕೆಲಸ ಬಿಟ್ಟ. ಮೇಜಿನ ಮೇಲಿಟ್ಟ ಫೋನಿನ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆದರೂ ಮೇಷ್ಟ್ರೇ, ವಾದದಲ್ಲಿ ಬಿಗಿ ಭಾಷೆಯವನು ಹೇಳಿದ್ದೇ ಸರಿಯಾಗಿತ್ತಲ್ಲವೇ?”

“ಹೌದು ಮಗು, ನಾನು ಹೇಳಿದ್ದೇ ಸರಿಯಾಗಿತ್ತು” ಎಂದರು ಗುರು.