ಗರಿ ಸಮೇತ ಒಂದು ಮೆಟ್ಟಿಲು

ತುಂಬಾ ಹಿಂದಿನ ಮಾತಲ್ಲ. ಗುರುಗಳ ಕೈಯಲ್ಲಿ ಕಮಂಡಲು ಹೋಗಿ ಮೊಬೈಲು ಬಂದ ಮೇಲಿನ ಕಾಲ.

ನದಿ ಹೋಗಿ ಸಮುದ್ರಕ್ಕೆ ಸೇರುವಲ್ಲಿ ಒಂದು ಬಂದರು. ಅಲ್ಲಿ ವಾಮನ ಖಾರ್ವಿ ಎಂಬ ಗುರು, ಸುಹಾಸ ಎಂಬ ಶಿಷ್ಯ.

ಗುರು ಪೈಲಟ್. ಆಕಾಶದ ಪೈಲಟ್ ಅಲ್ಲ, ನೀರಿನ ಪೈಲಟ್. ದೊಡ್ಡ ಹಡಗು ಬಂದರೆ ಸಣ್ಣ ದೋಣಿಯಲ್ಲಿ ಎದುರು ಹೋಗಬೇಕು. ಹಡಗಿನ ಪಕ್ಕೆಗೆ ನೇತುಬಿಟ್ಟ ಹಗ್ಗದ ಏಣಿ ಹತ್ತಬೇಕು. ಹಡಗನ್ನು ಕಲ್ಲಿಗೂ ಮರಳಿಗೂ ತಾಗಿಸದೆ ಒಳಗೆ ತರಬೇಕು.

ಏಣಿ ಕೈಕೊಟ್ಟರೆ ಒಂದು ಕಡೆ ದೋಣಿ, ಇನ್ನೊಂದು ಕಡೆ ಹಡಗು. ನಡುವೆ ಸಿಕ್ಕಿದವನು ಚಟ್ನಿ.

ಅದಕ್ಕೇ ಪೈಲಟ್‌ಗಳಿಗೆಲ್ಲ ಒಂದೊಂದು ಟ್ಯಾಬ್ ಕೊಟ್ಟಿದ್ದರು. ಹತ್ತುವ ಮೊದಲು ಏಣಿಯ ಫೋಟೋ ಹಾಕಬೇಕು. ಹಗ್ಗ ಸರಿ ಉಂಟಾ, ಮೆಟ್ಟಿಲು ಸರಿ ಉಂಟಾ ಎಂದು ಅದು ಕೇಳುತ್ತದೆ. ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಬ್ಬ ಒತ್ತಿದ್ದು ಉಳಿದ ಬಂದರುಗಳ ಪೈಲಟ್‌ಗಳಿಗೂ ಕಾಣುತ್ತದೆ.

ಸುಹಾಸ ಟ್ಯಾಬಿನಲ್ಲಿ ಶೂರ. ಚೆಂದದ ಏಣಿಯ ಫೋಟೋ ಒಂದು ಇಟ್ಟುಕೊಂಡಿದ್ದ. ದಿನಾ ಅದನ್ನೇ ಹಾಕುತ್ತಿದ್ದ, ಅದೂ ದಡದಲ್ಲಿ ಕೂತು.

"ಗುರುಗಳೇ, ನೀವು ಚಪ್ಪಲಿ ಹುಡುಕುವುದರೊಳಗೆ ನನ್ನದು ಎಲ್ಲ ಹಸಿರು!"

"ಏಣಿ ನೋಡಿದೆಯಾ?"

"ನೋಡಲಿಕ್ಕೆ ಎಂತ ಉಂಟು ಗುರುಗಳೇ? ಏಣಿ ಏಣಿಯ ಹಾಗೇ ಇರ್ತದೆ."

ಗುರು ಚಪ್ಪಲಿ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಗುರುಗಳು ದೋಣಿ ಕಟ್ಟುವ ಧಕ್ಕೆಯ ಗೋಡೆಗೆ ಒಂದು ಹಗ್ಗದ ಏಣಿ ಇಳಿಬಿಟ್ಟಿದ್ದರು.

"ಇದನ್ನೊಂದು ಟ್ಯಾಬಿಗೆ ಹಾಕು ಮಾರಾಯ."

ಸುಹಾಸನ ಒಂದು ಕೈಯಲ್ಲಿ ಬನ್ಸು. ಇನ್ನೊಂದು ಕೈಯಲ್ಲಿ ಟಕ್ ಟಕ್ ಟಕ್.

"ಹಸಿರಾ?"

"ಗಿಳಿ ಹಸಿರು, ಗುರುಗಳೇ!"

ಗುರುಗಳು ಲೈಫ್ ಜಾಕೆಟ್ ಹಾಕಿಕೊಂಡು ಏಣಿ ಇಳಿಯತೊಡಗಿದರು. ಒಂದನೇ ಮೆಟ್ಟಿಲು. ಎರಡನೇ ಮೆಟ್ಟಿಲು. ಮೂರನೆಯದು ಲಟಕ್ ಎಂದಿತು. ಗುರು ದುಡುಂ ಎಂದರು.

ಜಾಕೆಟ್ ಬುಸ್ಸೆಂದು ಉಬ್ಬಿತು. ಗುರುಗಳು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಮೇಲೆ ಬಂದು ತೇಲಿದರು. ದೋಣಿ ನಡೆಸುವ ಮೋನಪ್ಪಣ್ಣ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ.

ಸುಹಾಸ ಬನ್ಸು ಬಿಸಾಡಿ ಓಡಿಬಂದ. ಆಗ ಏಣಿ ನೋಡಿದ. ಮೊದಲ ಸಲ.

"ಗುರುಗಳೇ! ಇದು ಕಬ್ಬು!"

"ಹೌದು." ಗುರುಗಳು ನೀರಿನಲ್ಲೇ ಒಂದು ತುಂಡು ಜಗಿಯುತ್ತಿದ್ದರು. "ಗರಿ ಸಮೇತ ಕಟ್ಟಿದ್ದೆ. ನಡುವೆ ಕತ್ತಿಯಿಂದ ಕಚ್ಚು ಬೇರೆ ಹಾಕಿದ್ದೆ."

"ಗೊತ್ತಿದ್ದೂ ಯಾಕೆ ಕಾಲಿಟ್ಟಿರಿ?"

"ನೀನು ಹಸಿರು ಒತ್ತಿದ್ದೆಯಲ್ಲ ಮಾರಾಯ!"

ಸುಹಾಸನ ಮುಖ ಬಾಡಿದ ಬಸಳೆಯಾಯಿತು. ಕೈ ಕೊಟ್ಟು ಗುರುಗಳನ್ನು ಮೇಲೆಳೆದ. ಗುರುಗಳು ಅವನ ಕೈಗೂ ಒಂದು ತುಂಡು ಕಬ್ಬು ಇಟ್ಟರು. ಅವನಿಗೆ ಅದು ಸಿಹಿಯೇ ಹತ್ತಲಿಲ್ಲ.

ಆ ವಾರವೇ ಅವನ ಕೊನೆಯ ಪರೀಕ್ಷೆ. ಗುರುಗಳು ಸುಮ್ಮನೆ ಪಕ್ಕದಲ್ಲಿ ನಿಲ್ಲುವುದು, ಅವನೇ ಹಡಗು ತರುವುದು. ತಂದರೆ ಪೈಲಟ್. ಅಮ್ಮ ಮುಂಚೆಯೇ ಬೀದಿಗೆಲ್ಲ ಹೇಳಿ, ಡಬ್ಬಿ ತುಂಬ ಲಾಡು ಕಟ್ಟಿದ್ದಳು.

ದೋಣಿ ಹಡಗಿನ ಹತ್ತಿರ ಹೋಯಿತು. ಏಣಿ ಇಳಿಯಿತು. ನೋಡಲು ಮದುಮಗನ ಹಾಗಿತ್ತು.

ಸುಹಾಸ ಹಗ್ಗ ಹಿಡಿದು ಜಗ್ಗಿದ. ತಿರುಗಿಸಿದ. ಹಿಂಭಾಗದಲ್ಲಿ ಎಳೆಗಳು ಕಿತ್ತು ಬೆಕ್ಕಿನ ಮೀಸೆಯ ಹಾಗೆ ನಿಂತಿದ್ದವು.

ಟ್ಯಾಬ್ ನೋಡಿದ. ಹಿಂದಿನ ಬಂದರಿನವರು ಒತ್ತಿದ್ದು ಹಸಿರು. ಅದರ ಹಿಂದಿನವರದ್ದೂ ಹಸಿರು. ಎಲ್ಲರದ್ದೂ ಗಿಳಿ ಹಸಿರು.

ಮೇಲಿನಿಂದ ಕಪ್ತಾನ ಕೂಗಿದ. "ಎಲ್ಲ ಬಂದರಿನಲ್ಲೂ ಇದೇ ಏಣಿ! ಯಾರೂ ತಕರಾರು ಮಾಡಲಿಲ್ಲ! ಬೇಗ ಹತ್ತು!"

ಮೋನಪ್ಪಣ್ಣ ಮೆಲ್ಲಗೆ ಹೇಳಿದ, "ಕಡಲ ಭರತ ಇಳಿದರೆ ಒಳಗೆ ನೀರು ಸಾಲುವುದಿಲ್ಲ. ಹಡಗು ನಾಳೆಗೆ ಹೋಯಿತು. ನಿನ್ನ ಪರೀಕ್ಷೆಯೂ."

ಸುಹಾಸ ಗುರುಗಳ ಮುಖ ನೋಡಿದ. ಗುರುಗಳು ಕಡಲಕಾಗೆ ನೋಡುತ್ತಿದ್ದರು.

ಅವನು ಫೋಟೋ ತೆಗೆದ, ಆ ಮೀಸೆಯದ್ದೇ. ಕೆಂಪು ಒತ್ತಿದ.

ಟ್ಯಾಬ್ ಕೀಂಯ್ ಎಂದಿತು. ಗುರುಗಳ ಕಿಸೆಯಲ್ಲೂ ಕೀಂಯ್. ಮೇಲೆ ಹಡಗಿನಲ್ಲೂ ಕೀಂಯ್. ಬೇರೆ ಏಣಿ ಕಟ್ಟದೆ ಇನ್ನು ಆ ಹಡಗಿಗೆ ಯಾವ ಪೈಲಟೂ ಹತ್ತುವ ಹಾಗಿಲ್ಲ. ಕಪ್ತಾನ ಬೈದ ಬೈಗುಳ ಯಾವ ಭಾಷೆಯದೋ, ಅರ್ಥ ಮಾತ್ರ ಚೆನ್ನಾಗಿ ಆಯಿತು.

"ಮೋನಪ್ಪಾ, ದೋಣಿ ತಿರುಗಿಸು," ಎಂದರು ಗುರುಗಳು. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದರು.

ದಡ ಬಂದಾಗ ಸುಹಾಸ ಕೇಳಿದ. "ಗುರುಗಳೇ, ನಾನು ಫೇಲಾ?"

"ನಾಳೆ ಬರುವಾಗ ಲಾಡು ತಾ. ನಿನ್ನೆಯದ್ದಾದರೂ ಅಡ್ಡಿಯಿಲ್ಲ."

ಮರುದಿನ ಹಡಗಿನ ಪಕ್ಕೆಗೆ ಹೊಸ ಏಣಿ, ಹೊಸ ಹಗ್ಗ. ಸುಹಾಸ ಹಗ್ಗ ಜಗ್ಗಿದ, ಕೈಗೆಟುಕಿದ ಮೆಟ್ಟಿಲನ್ನೆಲ್ಲ ಗುದ್ದಿದ, ತಿರುಗಿಸಿ ನೋಡಿದ, ಮೂಸಿಯೂ ನೋಡಿದ. ಕಬ್ಬಿನ ವಾಸನೆ ಇರಲಿಲ್ಲ. ಹಸಿರು ಒತ್ತಿದ.

"ಇವತ್ತು ಮೊದಲು ನಾನು," ಎಂದು ಗುರುಗಳು ಎದ್ದರು. ಕೆನ್ನೆಯಲ್ಲಿ ಲಾಡು. ಟ್ಯಾಬಿನ ಹಸಿರು ನೋಡಿದರು. ಆಮೇಲೆ ತಾವೂ ಹಗ್ಗ ಹಿಡಿದು ಜಗ್ಗಿದರು. ಮೆಟ್ಟಿಲು ಗುದ್ದಿದರು. ತಿರುಗಿಸಿ ಹಿಂಭಾಗ ನೋಡಿದರು.

ಸುಹಾಸನಿಗೆ ತಡೆಯಲಾಗಲಿಲ್ಲ. "ನಾನು ಎಲ್ಲ ನೋಡಿದ್ದೇನಲ್ಲ ಗುರುಗಳೇ! ಇನ್ನೂ ನನ್ನ ಹಸಿರಿನ ಮೇಲೆ ನಂಬಿಕೆ ಇಲ್ಲವಾ?"

ಗುರುಗಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ತಿರುಗಿ ನಕ್ಕರು.

"ನಂಬಿಕೆ ಬೇಕಾದಷ್ಟು ಉಂಟು ಮಾರಾಯ. ಆದರೆ ನನ್ನ ಹಿಂದೆ ಹತ್ತುವವ ನೀನಲ್ಲವಾ?"