ನೀಲಿ ಬಿಡದ ಗುಡಾಣ

“ಅಜ್ಜಾರೆ, ಯಾವುದೂ ಬೇಡವೆನಿಸಿದವನು ಮಠದಲ್ಲಿದ್ದು ಏನು ಮಾಡಬೇಕು?”

ಕೇಳಿದವನು ಅಡವೀಶ. ಹದಿನೇಳರ ಹುಡುಗ. ಓದಲೆಂದು ತಂದೆ ಅವನನ್ನು ಮಠದಲ್ಲಿ ಬಿಟ್ಟಿದ್ದ. ಮೊದಲ ವರ್ಷ ಪಾಠದಲ್ಲಿ ಮುಂದಿದ್ದ, ಮಲ್ಲಕಂಬದಲ್ಲೂ ಮುಂದಿದ್ದ. ಈಚೆಗೆ ಪುಸ್ತಕ ತೆರೆದರೆ ಹೊತ್ತು ಇಳಿಯುವವರೆಗೂ ಅದೇ ಪುಟದ ಮುಂದೆ ಕುಳಿತಿರುತ್ತಿದ್ದ. ಊಟದ ಪಂಕ್ತಿಗೆ ಬರುವುದನ್ನೂ ಬಿಟ್ಟಿದ್ದ. ಗೆಳೆಯರು ನಗಿಸಲು ನೋಡಿದರು. ತಂದೆ ಬಂದು ಬುದ್ಧಿ ಹೇಳಿ ಹೋದ. ಯಾವುದೂ ಒಳಗೆ ಇಳಿಯಲಿಲ್ಲ. ಅಂದು ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಅಪ್ಪಣೆ ಕೇಳಲು ಬಂದಿದ್ದ. ಎಲ್ಲಿಗೆ ಹೋಗುವುದೆಂದು ಅವನಿಗೇ ತಿಳಿದಿರಲಿಲ್ಲ.

ಆ ಗುರುಗಳೇ ಅಜ್ಜನವರು, ಶಿಸ್ತಿನವರು. ಹೊತ್ತು ತಪ್ಪಿದವರನ್ನು ಸುಮ್ಮನೆ ಬಿಡುವವರಲ್ಲ. ಬೈಗುಳಕ್ಕೆ ಸಿದ್ಧನಾಗಿಯೇ ಅಡವೀಶ ನಿಂತಿದ್ದ. ಅವರು ಗಂಟನ್ನು ನೋಡಿದರು, ಕೂರಲು ಹೇಳಿದರು, ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಬಣ್ಣಗಾರ. ನೂಲಿಗೆ ನೀಲಿ ಹಾಕುವುದು ಅವನ ಕಸುಬು. ಕತ್ತಿನವರೆಗೆ ನೆಲದಲ್ಲಿ ಹೂತ ಒಂದು ದೊಡ್ಡ ಮಣ್ಣಿನ ಗುಡಾಣವೇ ಅವನ ಬದುಕು. ನೀಲಿಯ ಗುಡಾಣವೆಂದರೆ ಬಣ್ಣ ಕಲಸಿದ ನೀರಲ್ಲ. ದೋಸೆಯ ಹಿಟ್ಟಿನಂತೆ ಅದು ಒಳಗೊಳಗೇ ಹುದುಗಬೇಕು. ಹುದುಗಿದರೆ ನೂಲಿಗೆ ನೀಲಿ ಹಿಡಿಯುತ್ತದೆ. ಇಲ್ಲವಾದರೆ ಅದು ಬರೀ ರಾಡಿ.

ಒಂದು ಚಳಿಗಾಲ ಗುಡಾಣ ಸುಮ್ಮನಾಯಿತು. ಅದ್ದಿದ ನೂಲು ತೊಳೆದರೆ ಮತ್ತೆ ಬಿಳಿಯೇ. ಬಣ್ಣಗಾರ ಹೆದರಿದ. ಹೆದರಿದವನು ಸುಮ್ಮನೆ ಕೂರುತ್ತಾನೆಯೇ? ಕೋಲು ಹಾಕಿ ಕಡೆದ. ಮತ್ತಷ್ಟು ನೀಲಿ ಸುರಿದ, ಮತ್ತಷ್ಟು ಸುಣ್ಣ ಸುರಿದ. ಗಳಿಗೆಗೊಮ್ಮೆ ಮುಚ್ಚಳ ತೆಗೆದು ಬಗ್ಗಿ ನೋಡಿದ. ಕೊನೆಗೆ ಬಾಯಿಬಿಟ್ಟು ಬೈದ.

“ನಿನಗೆ ಏನು ಕಡಿಮೆ ಮಾಡಿದ್ದೇನೆ? ಆಚೆ ಕೇರಿಯ ಗುಡಾಣ ನೋಡು, ಹೇಗೆ ನೀಲಿ ಬಿಡುತ್ತಿದೆ.”

ಅಡವೀಶನ ತುಟಿ ತುಸುವೇ ಅಲುಗಿತು. ತಂದೆ ಆಡಿದ್ದೂ ಇದೇ ಮಾತು. ಆಚೆ ಕೇರಿಯ ಗುಡಾಣದ ಜಾಗದಲ್ಲಿ ಚಿಕ್ಕಪ್ಪನ ಮಗನಿದ್ದ, ಅಷ್ಟೆ.

ಕಡೆದಷ್ಟೂ ಗುಡಾಣ ಕೆಟ್ಟಿತು. ನೆರೆಯ ಗಾಣಿಗ ಮೂಗು ಮುಚ್ಚಿಕೊಂಡೇ ಬಂದು, ಸತ್ತದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀ, ತಿಪ್ಪೆಗೆ ಚೆಲ್ಲು ಎಂದ. ಬಣ್ಣಗಾರನಿಗೂ ಅದೇ ಸರಿಯೆನಿಸಿತು. ಮೊಗೆದು ಚೆಲ್ಲಲು ಕೊಡ ತಂದ.

ಅವನ ಹೆಂಡತಿ ಕೊಡ ಕಸಿದುಕೊಂಡಳು. ಹುದುಗದ ಹಿಟ್ಟನ್ನು ತನ್ನ ತವರಿನಲ್ಲಿ ಯಾರೂ ಬೈದದ್ದಿಲ್ಲ, ಬೆಚ್ಚಗಿಟ್ಟದ್ದುಂಟು ಎಂದಳು. ಗುಡಾಣದ ಸುತ್ತ ಬಿಸಿ ಗೊಬ್ಬರ ಒತ್ತಿದಳು. ಹುದುಗು ಏಳಲೆಂದು ತಗಚೆ ಬೀಜ ಬೇಯಿಸಿದ ನೀರನ್ನು ಕೊಂಚವೇ ಹಾಕಿದಳು. ಮುಚ್ಚಳ ಮುಚ್ಚಿ, ತಾವು ಹೊದೆಯುವ ಕೌದಿಯನ್ನು ಅದಕ್ಕೆ ಹೊದಿಸಿದಳು. ಇನ್ನು ಒಂದು ಜೋಗುಳವೂ ಆಗಲಿ ತಂಗಿ ಎಂದು ಗಾಣಿಗ ಕೆಣಕಿದ. ಹಾಡುತ್ತೇನೆ ಅಣ್ಣಾ, ನಿನ್ನ ಗಾಣದ ಕಿರುಗುಟ್ಟು ಶ್ರುತಿಗೆ ಸಾಕು ಎಂದಳು ಆಕೆ.

“ನಾನೇನು ಮಾಡಲಿ?” ಎಂದ ಬಣ್ಣಗಾರ.

“ಇದರ ಮಗ್ಗುಲಲ್ಲಿ ಕೂತು ಅಂಬಲಿ ಕುಡಿ. ಬಿಸಿ ಆರಿತೇ ಎಂದು ಕೈಯಿಟ್ಟು ನೋಡಲು ಒಬ್ಬರು ಬೇಕು.”

ಅವನು ಕೂತ. ಕೋಲು ಮುಟ್ಟಲಿಲ್ಲ, ಮುಚ್ಚಳ ತೆಗೆಯಲಿಲ್ಲ. ಹಗ್ಗ ಹೊಸೆದ, ಅಂಬಲಿ ಕುಡಿದ, ಗೊಬ್ಬರ ಆರಿದಾಗ ಬದಲಿಸಿದ. ದಿನಗಳು ಹೋದವು, ಏನೂ ಆಗಲಿಲ್ಲ. ಏನೂ ಆಗದ ದಿನವೂ ಬೆಚ್ಚಗಿಡುವ ಕೆಲಸ ಇದ್ದೇ ಇತ್ತು.

ಒಂದು ಬೆಳಗ್ಗೆ ಚಿಂದಿಯೊಂದನ್ನು ಅದ್ದಿ ತೆಗೆದ. ಅದು ಕಾಮಾಲೆ ಹಿಡಿದಂತೆ ಹಳದಿ ಮಿಶ್ರಿತ ಹಸಿರಾಗಿತ್ತು. ಇಷ್ಟು ಆರೈಕೆಗೆ ಇದೇ ನಿನ್ನ ನೀಲಿಯೋ ಎಂದು ಗಾಣಿಗ ನಕ್ಕ. ಬಣ್ಣಗಾರ ಚಿಂದಿಯನ್ನು ಗಾಳಿಗೆ ಹಿಡಿದ. ಗುಡಾಣದಿಂದ ಏಳುವಾಗ ಯಾವ ನೂಲೂ ನೀಲಿಯಾಗಿರುವುದಿಲ್ಲ, ಗಾಳಿ ತಾಗಿದ ಮೇಲೆಯೇ ಆಗುವುದೆಂದು ಅವನು ಬಲ್ಲ. ಗಾಣಿಗನ ನಗು ಮುಗಿಯುವುದರೊಳಗೆ ಚಿಂದಿಯ ಅಂಚು ನೀಲಿಗೆ ತಿರುಗಿತು. ಸೀರೆಗೆ ಸಾಲುವಂಥದ್ದಲ್ಲ, ತೆಳು ನೀಲಿ. ಬಣ್ಣಗಾರ ಅದನ್ನು ಕಣ್ಣಿಗೆ ಒತ್ತಿಕೊಂಡ. ಕೌದಿಯನ್ನು ಮಾತ್ರ ಅಂದೇ ತೆಗೆಯಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ಊಟಕ್ಕೆ ಕರೆಯುವ ದಾಸೋಹದ ಗಂಟೆ ಮೊಳಗಿತು. ಅಡವೀಶ ಏಳಲಿಲ್ಲ. ಗಂಟಿನ ತುದಿಯನ್ನು ಬೆರಳಿಗೆ ಸುತ್ತಿದ.

“ಗುಡಾಣದ ಮಗ್ಗುಲಲ್ಲಿ ಕೂರಲು ಒಬ್ಬನಿದ್ದ, ಅಜ್ಜಾರೆ. ಯಾರೂ ಇಲ್ಲದಿದ್ದರೆ?”

ಪಂಕ್ತಿಯಲ್ಲಿ ಗುರುಗಳ ತಟ್ಟೆ ಒಂಟಿಯಾಗಿ, ಮೇಲಿನ ಮಣೆಯ ಮುಂದಿರಬೇಕೆಂಬುದು ಆ ಮಠದ ಹಳೆಯ ನಿಯಮ. ಅಜ್ಜನವರು ಯಾವ ನಿಯಮವನ್ನೂ ಮುರಿದದ್ದನ್ನು ಅಡವೀಶ ಕಂಡಿರಲಿಲ್ಲ.

“ಇವತ್ತಿನಿಂದ ನಿನ್ನ ತಟ್ಟೆ ನನ್ನ ತಟ್ಟೆಯ ಮಗ್ಗುಲಿಗೆ ಬರಲಿ, ತಮ್ಮಾ, ಉಂಡರೂ ಸರಿ, ಸುಮ್ಮನೆ ಕೂತರೂ ಸರಿ.”

ಅಡವೀಶ ಗಂಟನ್ನು ಗೋಡೆಗೆ ಒರಗಿಸಿ, ತಟ್ಟೆ ತರಲು ಎದ್ದ.